ಶೈಲಿಯೂ ಬೇಕು, ಕೆಲಸವೂ ಬೇಕು: ಪುಸ್ತಕ-ಪತ್ರಿಕೆಗೆ ಚಿತ್ರ ತೆಗೆಯಲು ಹೊರಟವರಿಗೆ

ಚೆನ್ನಾಗಿ ಚಿತ್ರ ತೆಗೆಯುವ ಹುಡುಗ-ಹುಡುಗಿಯರಿಗೆ ವಯಸ್ಸು 20 ದಾಟುತ್ತಿದ್ದಂತೆ ಎರಡು ಪ್ರಶ್ನೆ ಗಂಟುಬೀಳುತ್ತವೆ. ನನ್ನ ಶೈಲಿ ಯಾವುದು ಎಂಬುದು ಒಂದು. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ತಾವೇ ಕೇಳಿಕೊಳ್ಳುತ್ತಾರೆ, ಎರಡನೆಯದನ್ನು ಮನೆಯವರು ಕೇಳುತ್ತಾರೆ. ಎರಡನ್ನೂ ಬೇರೆಬೇರೆ ಇಟ್ಟು ಯೋಚಿಸುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ. ಪುಸ್ತಕ, ಪತ್ರಿಕೆ, ಮಸಾಲೆ ಪಾಕೀಟು, ಶಾಲೆಯ ಗೋಡೆ, ಇವುಗಳಲ್ಲಿ ಯಾವುದಕ್ಕೆ ಚಿತ್ರ ತೆಗೆಯುತ್ತೀರಿ ಎಂದು ಗೊತ್ತಾದರೆ ಅದರ ಅಳತೆ, ಕಾಗದ, ಗಡುವು, ದುಡ್ಡು ಇವೇ ಶೈಲಿಯ ಅರ್ಧ ಭಾಗವನ್ನು ತೀರ್ಮಾನಿಸಿಬಿಡುತ್ತವೆ. ಉಳಿದರ್ಧ ಈಗಾಗಲೇ ನಿಮ್ಮ ಕೈಯಲ್ಲಿದೆ. ಅದನ್ನು ಹೊರಗೆ ತೆಗೆದು ಗಟ್ಟಿ ಮಾಡಿಕೊಳ್ಳುವ ಕ್ರಮ ಇಲ್ಲಿದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯೇ ಇದ್ದು ಕೆಲಸ ಮಾಡಬೇಕೆನ್ನುವವರನ್ನು ಲೆಕ್ಕದಲ್ಲಿಟ್ಟು ಬರೆದದ್ದು.

ಇದ್ದದ್ದನ್ನು ನೆಲಕ್ಕೆ ಹರವಿ

ಕಳೆದ ಎರಡು ವರ್ಷಗಳಲ್ಲಿ ತೆಗೆದ ಚಿತ್ರಗಳಲ್ಲಿ 40 ಆರಿಸಿ. ಚೆನ್ನಾಗಿ ಬಂದವನ್ನಷ್ಟೇ ಎತ್ತಿಕೊಳ್ಳಬೇಡಿ. 10 ಪೂರ್ತಿ ಮುಗಿಸಿದವು, 20 ಸ್ಕೆಚ್‌ಬುಕ್ಕಿನವು, 10 ಫೋನಿನಲ್ಲಿ ಮಾತಾಡುತ್ತ ಗೀಚಿದವು ಇರಲಿ. ಗೀಚಿದವುಗಳಲ್ಲೇ ಕೈ ತನ್ನ ಚಾಳಿ ತೋರಿಸುತ್ತದೆ. ಟ್ಯಾಬಿನಲ್ಲಿ ತೆಗೆದವೂ ಸೇರಿ ಎಲ್ಲವನ್ನೂ ಎ4 ಹಾಳೆಯಲ್ಲಿ ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿ. ಬಣ್ಣ ಕಳಚಿದ ಮೇಲೆ ರೇಖೆ ಮತ್ತು ಆಕಾರ ಮುಚ್ಚುಮರೆಯಿಲ್ಲದೆ ಕಾಣುತ್ತವೆ. ಪಡಸಾಲೆಯಲ್ಲಿ ಹರವಿ, ನಿಂತುಕೊಂಡು ನೋಡಿ.

ನೋಡಬೇಕಾದದ್ದು ಇಷ್ಟು. ರೇಖೆ ಒಂದೇ ದಪ್ಪ ಇದೆಯೋ, ಒತ್ತಿ ಸಡಿಲಿಸಿ ಬಳುಕುತ್ತದೆಯೋ. ಆಕಾರಗಳು ಮೂಲೆ ಮುರಿದಂತಿವೆಯೋ, ದುಂಡಗಿವೆಯೋ. ಮನುಷ್ಯರ ಎತ್ತರ ತಲೆಯ ಎಷ್ಟು ಪಟ್ಟು: ಮೂರೂವರೆ, ಐದು, ಏಳು? ನೋಟ ಯಾವ ಎತ್ತರದಿಂದ: ಕೂತವರ ಕಣ್ಣಿನಿಂದಲೋ, ಮಾಳಿಗೆಯ ಮೇಲಿನಿಂದಲೋ? ಹಾಳೆಯಲ್ಲಿ ಖಾಲಿ ಜಾಗ ಎಷ್ಟು ಬಿಡುತ್ತೀರಿ? ನೆರಳನ್ನು ಗೀರಿನಿಂದ ತುಂಬುತ್ತೀರೋ, ಗಟ್ಟಿ ಕಪ್ಪಿನಿಂದಲೋ, ತುಂಬುವುದೇ ಇಲ್ಲವೋ? ಪ್ರತಿಯೊಂದಕ್ಕೂ ಹಾಳೆಯ ಮೂಲೆಯಲ್ಲಿ ಗುರುತು ಹಾಕಿ ಎಣಿಸಿ. 40ರಲ್ಲಿ 25ಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಮರುಕಳಿಸಿದ್ದು ನಿಮ್ಮದು. ಆರೇಳರಲ್ಲಿ ಮಾತ್ರ ಇಣುಕಿದ್ದು ಬಹುತೇಕ ಆ ತಿಂಗಳು ಇನ್‌ಸ್ಟಾಗ್ರಾಮ್‌ನಲ್ಲಿ ನೀವು ಯಾರನ್ನು ನೋಡುತ್ತಿದ್ದಿರೋ ಅವರದು.

ಒಂದು ಎಚ್ಚರ. ಮರುಕಳಿಸಿದ್ದೆಲ್ಲ ಶೈಲಿಯಲ್ಲ, ಕೆಲವು ಬರೀ ತಪ್ಪಿಸಿಕೊಳ್ಳುವ ದಾರಿ. ಎಲ್ಲರ ಕೈಗಳೂ ಕಿಸೆಯಲ್ಲಿ ಅಥವಾ ಬೆನ್ನ ಹಿಂದೆ, ಪಾದಗಳೆಲ್ಲ ಹುಲ್ಲಿನಲ್ಲಿ ಮುಚ್ಚಿದವು, ಮುಖವೆಲ್ಲ ಎಡಕ್ಕೇ ತಿರುಗಿದವು. ಬಲಗೈಯವರಿಗೆ ಎಡಕ್ಕೆ ನೋಡುವ ಮುಖ ಸಲೀಸು, ಅದಕ್ಕೇ ಹಾಗೆ. ಇಂಥವನ್ನು ಬೇರೆ ಪಟ್ಟಿ ಮಾಡಿ, ಅದು ಅಭ್ಯಾಸದ ಪಟ್ಟಿ.

ಆಮೇಲೆ ಒಂದೇ ಹಾಳೆಯಲ್ಲಿ ನಿಯಮ ಬರೆದುಕೊಳ್ಳಿ. ಮಾದರಿಗೆ: "ಹೊರರೇಖೆ 0.5 ಮಿ.ಮೀ., ಒಳರೇಖೆ 0.3 ಮಿ.ಮೀ. ಪೆನ್ನು. ತಲೆಯ ನಾಲ್ಕು ಪಟ್ಟು ಎತ್ತರ. ಕಣ್ಣು ಚುಕ್ಕಿ, ಮೂಗು ಗೆರೆ. ಚಿತ್ರಕ್ಕೆ ಐದೇ ಬಣ್ಣ, ಒಂದರಿಂದೊಂದಕ್ಕೆ ಕರಗಿಸುವುದಿಲ್ಲ. ನೆರಳು ಗಟ್ಟಿ ಕಪ್ಪು. ಹಾಳೆಯ ಮೂರರಲ್ಲೊಂದು ಪಾಲು ಖಾಲಿ." ಇಷ್ಟು ಬಿಗಿ ಯಾಕೆಂದರೆ ಪ್ರಕಾಶಕರು ಒಂದು ಚಿತ್ರ ಕೊಳ್ಳುವುದಿಲ್ಲ, ಒಂದೇ ಕೈಯಿಂದ ಬಂದಂಥ 20 ಚಿತ್ರ ಕೊಳ್ಳುತ್ತಾರೆ. ಮೂರನೇ ಪುಟದ ಹುಡುಗಿ ಹದಿನೇಳನೇ ಪುಟದಲ್ಲಿ ಬೇರೆಯವರ ಮನೆಯ ಹುಡುಗಿಯಾದರೆ ಕೆಲಸ ವಾಪಸ್ ಬರುತ್ತದೆ.

ಹನ್ನೆರಡು ಭಂಗಿಯ ಪರೀಕ್ಷೆ

ನಿಯಮದ ಹಾಳೆ ಗಟ್ಟಿಯೋ ಪೊಳ್ಳೋ ತಿಳಿಯಲು ಒಂದು ಪಾತ್ರ ತೆಗೆದುಕೊಳ್ಳಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಅಜ್ಜಿ ಎನ್ನೋಣ. ತಲೆ ಮೇಲೆ ಸೆರಗು, ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ. ಆಕೆಯನ್ನು 12 ಬಗೆಯಲ್ಲಿ ತೆಗೆಯಬೇಕು: ಕುಕ್ಕರಗಾಲಲ್ಲಿ ಕೂತು ತೊಟ್ಟು ಮುರಿಯುವುದು, ಮೊರದಲ್ಲಿ ಹಸನು ಮಾಡುವುದು, ಚೀಲ ಹೊತ್ತು ನಡೆಯುವುದು, ಬಸಿಯಲ್ಲಿ ಸುರುವಿಕೊಂಡು ಚಹಾ ಕುಡಿಯುವುದು, ಬಸ್ ಹತ್ತುವುದು, ಮೊಮ್ಮಗನನ್ನು ಬೈಯುವುದು, ಗೋಡೆಗೊರಗಿ ನಿದ್ದೆ, ಬಾಯ್ತುಂಬ ನಗು, ಪೂರ್ತಿ ಬೆನ್ನು, ಮುಕ್ಕಾಲು ಬೆನ್ನು, ಮೇಲಿನಿಂದ ನೋಡಿದಂತೆ, ಕೊನೆಗೆ ಬಹಳ ದೂರದಲ್ಲಿ ಉಗುರಿನಷ್ಟು ಸಣ್ಣಗೆ. ಒಂದಕ್ಕೆ 45 ನಿಮಿಷದ ಮೇಲೆ ಹೋಗಬಾರದು. ಮೂರು ದಿನದಲ್ಲಿ ಮುಗಿಸಿ.

ಹೆಚ್ಚಿನವರು ಎಡವುವುದು ಮುಕ್ಕಾಲು ಬೆನ್ನಿನಲ್ಲಿ. ಕೆನ್ನೆಯ ಅಂಚು ಮತ್ತು ರೆಪ್ಪೆಯ ತುದಿ ಮಾತ್ರ ಕಾಣುವ ಕೋನ ಅದು. ಕಚ್ಚೆಯ ನಿರಿಗೆ ಹಿಂದೆ ಎಲ್ಲಿ ಸಿಕ್ಕಿಸಿದೆ ಎಂದು ತಿಳಿದಿಲ್ಲದಿದ್ದರೆ ಸೊಂಟದ ಕೆಳಗೆ ಬರೀ ಗೋಣಿಚೀಲ ಕಾಣುತ್ತದೆ. ಕಲ್ಪನೆಯಿಂದ ಇದನ್ನು ಸರಿಪಡಿಸಲಾಗದು, ಹೋಗಿ ನೋಡಬೇಕು. ಎರಡನೆಯ ಸೋಲು ಉಗುರಿನಷ್ಟು ಸಣ್ಣ ಚಿತ್ರದಲ್ಲಿ. ಮುಖ ಕಾಣದೆ ಹೋದ ಕೂಡಲೇ ಅಜ್ಜಿ ಯಾರೋ ಆಗಿಬಿಟ್ಟರೆ ಗುರುತೆಲ್ಲವನ್ನೂ ಮುಖದ ಮೇಲೇ ಹೊರಿಸಿದ್ದೀರಿ ಎಂದರ್ಥ. 12 ಚಿತ್ರಗಳ ಒಳಭಾಗಕ್ಕೆಲ್ಲ ಕಪ್ಪು ತುಂಬಿ ನೋಡಿ. ಹೊರ ಅಂಚಿನಿಂದಲೇ ಆಕೆ ಗುರುತು ಹತ್ತಬೇಕು. ಹತ್ತದಿದ್ದರೆ ಸೆರಗಿನ ತ್ರಿಕೋನವನ್ನು ದೊಡ್ಡದು ಮಾಡಿ, ಬೆನ್ನು ಬಾಗಿಸಿ, ಕೈಗೊಂದು ಚೀಲ ಕೊಡಿ.

12ರಲ್ಲಿ ಎಂಟು ದಾಟಿದರೆ ನಿಯಮದ ಹಾಳೆ ಸರಿಯಿದೆ. ಐದಕ್ಕೂ ಕಡಿಮೆಯಾದರೆ ಹಾಳೆಯನ್ನು ಇನ್ನೂ ಸರಳ ಮಾಡಿ. ನಿಮಗೆ ಎರಡನೇ ದಿನವೇ ಬೇಸರ ಬಂದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಯಾವ ಕೆಲಸ ಆರಿಸಬೇಕೆಂಬ ಮಾತಿಗೆ ಅದು ಬೇಕಾಗುತ್ತದೆ.

ನೋಡಿ ಕಲಿಯಲು

ಪಿಂಟರೆಸ್ಟ್‌ನಲ್ಲಿ ಎಲ್ಲರೂ ನೋಡುವುದು ಅದದೇ ಚಿತ್ರಗಳನ್ನು, ಹಾಗಾಗಿ ಎಲ್ಲರ ಚಿತ್ರವೂ ಅಣ್ಣ-ತಮ್ಮಂದಿರಂತೆ ಕಾಣುತ್ತವೆ. ನಮ್ಮ ಕಡೆ ಬಸ್ಸಿನ ಹಾದಿಯಲ್ಲೇ ಬೇಕಾದಷ್ಟಿದೆ.

ಆಕಾರ ಕಟ್ಟುವುದಕ್ಕೆ ಕಸೂತಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಿಕ್ಕಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆ. ನಕ್ಷೆ ಮೊದಲೇ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಗವಂತಿಯಲ್ಲಿ ದಾರ ಹೋದ ಹಾದಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಹಾಗಾಗಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. ಇದನ್ನು ಗ್ರಾಫ್ ಹಾಳೆಗೆ ತನ್ನಿ. ಒಂದು ಚೌಕ ಒಂದು ಹೊಲಿಗೆ. ಅಡ್ಡ, ಉದ್ದ, ಓರೆ ಈ ಮೂರೇ ಗೆರೆ, ಬಾಗು ಇಲ್ಲ. 24 ಚೌಕ ಅಗಲ, 20 ಚೌಕ ಎತ್ತರದೊಳಗೆ ಆನೆ, ನವಿಲು, ತುಳಸಿಕಟ್ಟೆ, ತೇರು ತೆಗೆಯಿರಿ. ಆಮೇಲೆ ಕಸೂತಿಯಲ್ಲಿಲ್ಲದ್ದನ್ನು ತೆಗೆಯಿರಿ: ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು, ಗ್ಯಾಸ್ ಸಿಲಿಂಡರು, ಹೆಲ್ಮೆಟ್ ಹಾಕಿದ ಹುಡುಗಿ. ಯಾವುದನ್ನು ಬಿಟ್ಟರೂ ಆನೆ ಆನೆಯಾಗಿಯೇ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಹಂದಿಯಾಗುತ್ತದೆ ಎಂಬುದು ಈ ಅಭ್ಯಾಸದಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯದು. ಕಸೂತಿಯ ನಕ್ಷೆಯನ್ನು ಹಾಗೇ ಎತ್ತಿ ಅಂಚಿಗೆ ಅಂಟಿಸಿದರೆ ಮಾತ್ರ ಅದು ಶೈಲಿಯಾಗುವುದಿಲ್ಲ. ಅಂಥ ಅಂಚುಗಳನ್ನು ಲಗ್ನಪತ್ರಿಕೆಗಳಲ್ಲಿ ಸಾಕಷ್ಟು ನೋಡಿದ್ದೇವೆ.

ಬೆಳಕು-ನೆರಳಿಗೆ ಲಕ್ಕುಂಡಿ. ಗದಗಿನಿಂದ ಸುಮಾರು 12 ಕಿ.ಮೀ. ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯಲ್ಲಿ ಬೆಳಗಿನ ಓರೆ ಬಿಸಿಲು ಬಿದ್ದಾಗ ಕೆತ್ತನೆಯ ಆಳ ಎದ್ದು ಕಾಣುತ್ತದೆ, ಮಧ್ಯಾಹ್ನ ಎಲ್ಲ ಚಪ್ಪಟೆ. ಒಂದು ಕಂಬ ಅಥವಾ ಬಾಗಿಲವಾಡದ ಒಂದೇ ಗೇಣು ಭಾಗ ಆರಿಸಿಕೊಂಡು ಬಿಳಿ, ಬೂದು, ಕಪ್ಪು ಎಂಬ ಮೂರೇ ಮೆಟ್ಟಿಲಲ್ಲಿ ಇಳಿಸಿ. ಇಡೀ ಗುಡಿ ತೆಗೆಯಲು ಹೋದವರು ಪ್ರವಾಸದ ಕ್ಯಾಲೆಂಡರ್ ತೆಗೆದುಕೊಂಡು ಬರುತ್ತಾರೆ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರದಂಥ ತಳವಿನ್ಯಾಸ, ಹಾನಗಲ್ಲಿನ ತಾರಕೇಶ್ವರದ ಕಮಲದ ಛಾವಣಿ ಇವೂ ಒಂದೊಂದು ದಿನಕ್ಕೆ ಯೋಗ್ಯ.

ಬೆನ್ನಿನ ಕೋನ ಬಾರದವರು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗೆ ಹೋಗಬೇಕು. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಮಂದಿ, ದನಕರು, ಕಸುಬು ಎಲ್ಲ ಆಳೆತ್ತರದ ಮೂರ್ತಿಗಳಾಗಿ ನಿಂತಿವೆ. ಅಲ್ಲಾಡುವುದಿಲ್ಲ, ಯಾಕ ನೋಡ್ತೀಯೋ ಎಂದು ಬೈಯುವುದೂ ಇಲ್ಲ. ಒಂದೇ ಮೂರ್ತಿಯ ಸುತ್ತ ಎಂಟು ದಿಕ್ಕಿನಿಂದ ಎಂಟು ಚಿತ್ರ, ಒಂದಕ್ಕೆ 10 ನಿಮಿಷ. ಬಳಿಕ ಜೀವಂತ ಮಂದಿಗೆ ಬನ್ನಿ: ಹುಬ್ಬಳ್ಳಿಯ ದುರ್ಗದ ಬೈಲಿನ ಸಂಜೆ, ಸಂತೆ, ರೈಲು ನಿಲ್ದಾಣ. ಎರಡು ನಿಮಿಷದೊಳಗೆ ಭಂಗಿ ಹಿಡಿಯಿರಿ, ಮುಖ ಬೇಡ. ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಹೋದರೆ ಮೂಗಿಗೆ ಕಟ್ಟಲು ವಸ್ತ್ರ ಒಯ್ಯಿರಿ, ಘಾಟಿಗೆ ಅರ್ಧ ತಾಸೂ ಕೂರಲಾಗದು.

ಬದುಕಿರುವ ಕಲಾವಿದರನ್ನು ನಕಲು ಮಾಡುವುದು ಅಭ್ಯಾಸಕ್ಕೆ ತಪ್ಪಲ್ಲ. ಆದರೆ ಒಬ್ಬರನ್ನೇ ಹಿಡಿದು ಕೂರಬೇಡಿ. ಕನ್ನಡ ಪತ್ರಿಕೆಗಳ ಕಥಾಚಿತ್ರ ಕಲಿಯಲು ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಇವರ ಹಳೆಯ ಚಿತ್ರಗಳನ್ನು ಗ್ರಂಥಾಲಯದ ಸಂಪುಟಗಳಲ್ಲಿ ಹುಡುಕಿ. ಕಥೆಯ ಯಾವ ಗಳಿಗೆಯನ್ನು ಆರಿಸಿದ್ದಾರೆ, ಯಾವುದನ್ನು ತೋರಿಸದೆ ಬಿಟ್ಟಿದ್ದಾರೆ ನೋಡಿ. ಅಭ್ಯಾಸದ ನಕಲನ್ನು ಪೋರ್ಟ್‌ಫೋಲಿಯೋಗೆ, ಅಂದರೆ ಕೆಲಸ ಕೇಳುವಾಗ ತೋರಿಸುವ ಚಿತ್ರಗಳ ಕಟ್ಟಿಗೆ, ಸೇರಿಸಬಾರದು, ಇಷ್ಟೇ.

ಯಾವ ಕೆಲಸ ನಿಮ್ಮದು

ಗುರಿಯನ್ನು "ಇಲಸ್ಟ್ರೇಟರ್ ಆಗಬೇಕು" ಎಂದು ಬರೆದುಕೊಂಡರೆ ಏನೂ ಹೊರಡುವುದಿಲ್ಲ. "ಎರಡು ವರ್ಷದೊಳಗೆ ಒಂದು ಮಕ್ಕಳ ಪುಸ್ತಕ, ಆರು ಮುಖಪುಟ, ತಿಂಗಳಿಗೆ ಎರಡು ಕಥಾಚಿತ್ರ" ಎಂದು ಬರೆದರೆ ನಾಳೆ ಏನು ಮಾಡಬೇಕು ಗೊತ್ತಾಗುತ್ತದೆ.

ಪತ್ರಿಕೆಯ ಕಥಾಚಿತ್ರಕ್ಕೆ ವೇಗ ಬೇಕು. ಕಥೆ ಇವತ್ತು ಬಂದು ಚಿತ್ರ ನಾಡಿದ್ದು ಹೋಗಬೇಕು. ಜಲವರ್ಣದಲ್ಲಿ ಒಂದಕ್ಕೆ ನಾಲ್ಕು ದಿನ ಹಿಡಿಯುವ ಶೈಲಿ ಎಷ್ಟು ಚೆಂದವಿದ್ದರೂ ಇಲ್ಲಿ ನಡೆಯದು. ಭಂಗಿಯ ಪರೀಕ್ಷೆಯಲ್ಲಿ ಬೇಗ ಬೇಸರ ಬಂದವರಿಗೆ ಇದೇ ಸರಿ, ದಿನಕ್ಕೊಂದು ಹೊಸ ಲೋಕ. ಮುಖಪುಟಕ್ಕೆ ಒಂದೇ ಗಟ್ಟಿ ಕಲ್ಪನೆ ಬೇಕು, ಅದು ಅಂಗಡಿಯಲ್ಲಿ ಮೂರು ಮಾರು ದೂರದಿಂದಲೂ ಫೋನಿನ ಪರದೆಯಲ್ಲಿ ಹೆಬ್ಬೆಟ್ಟಿನಷ್ಟಾದಾಗಲೂ ಓದಿಸಿಕೊಳ್ಳಬೇಕು. ಧಾರವಾಡದಲ್ಲಿ 1933ರಿಂದ ನಡೆದುಬಂದ ಮನೋಹರ ಗ್ರಂಥಮಾಲೆಯಂಥ ಪ್ರಕಾಶನಗಳಿವೆ, ಗದಗಿಗೆ ಮುದ್ರಣಕಾಶಿ ಎಂಬ ಹೆಸರೇ ಇದೆ, ಹಾಗಾಗಿ ಮುಖಪುಟದ ಕೆಲಸ ಹತ್ತಿರದಲ್ಲೇ ಹುಟ್ಟುತ್ತದೆ. ಪ್ರತಿಗಳು 500, 1000 ಮಾತ್ರ ಆಗುವುದರಿಂದ ದುಡ್ಡು ತೆಳು.

ಮಕ್ಕಳ ಚಿತ್ರಪುಸ್ತಕ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇದಕ್ಕೆ ಮೊದಲು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಕಟ್ಟಲು ಕಲಿಯಬೇಕು. ಆರು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿದರೆ 24 ಪುಟ. ಮೊದಲ ಪುಟ ಹೆಸರಿಗೆ, ಎರಡನೆಯದು ಪ್ರಕಾಶನದ ವಿವರಕ್ಕೆ, ಕಥೆ ಮೂರರಿಂದ. ಎಡ-ಬಲ ಪುಟ ಸೇರಿದ ಜೋಡಿಯನ್ನು ಒಂದೇ ಹಾಳೆಯೆಂದು ಎಣಿಸಿ ಬೆರಳುದ್ದದ ಕಚ್ಚಾ ಚಿತ್ರ ಹಾಕಿಕೊಳ್ಳಿ. ಪುಟ ತಿರುವುವ ಜಾಗದಲ್ಲಿ ಮುಂದೇನು ಎಂಬ ಕುತೂಹಲ ಉಳಿಯಬೇಕು. ಹುಲಿ ಹಾರುವುದನ್ನು ಬಲಪುಟದಲ್ಲೇ ತೋರಿಸಿಬಿಟ್ಟರೆ ತಿರುವುವ ಗಮ್ಮತ್ತು ಹೋಯಿತು. ನಡುವಿನ ಮಡಿಕೆಯಲ್ಲಿ ಮುಖ ಬರಬಾರದು, ಹೊಲಿಗೆಯೊಳಗೆ ಮೂಗು ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಕನ್ನಡ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. 18 ಪಾಯಿಂಟಿನ ಅಕ್ಷರಕ್ಕೆ 27 ಪಾಯಿಂಟಿನ ಸಾಲು ಎಂದು ಲೆಕ್ಕ ಹಿಡಿದು ಅಷ್ಟು ಜಾಗ ಚಿತ್ರದಲ್ಲೇ ಬಿಡಿ. ಆಕಾಶ ಖಾಲಿಯಿದೆ, ಅಲ್ಲೇ ಅಕ್ಷರ ಬರಲಿ ಎಂದು ಬಿಟ್ಟವರ ಮೋಡದ ಮೇಲೆ ನಾಲ್ಕು ಸಾಲು ಏರಿ ಕೂರುತ್ತವೆ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಬಿಟ್ಟಿ ಸಿಗುತ್ತವೆ. ಒಂದರ ಪಠ್ಯ ಮಾತ್ರ ತೆಗೆದುಕೊಂಡು, ಅಲ್ಲಿನ ಚಿತ್ರ ನೋಡದೆ ನಿಮ್ಮ ಡಮ್ಮಿ ಕಟ್ಟಿ. ನಿಮ್ಮ ಚಿತ್ರಗಳನ್ನು ಅಲ್ಲಿ ಏರಿಸುವ ಮೊದಲು ಮಾತ್ರ ತಿಳಿದಿರಲಿ: ಅಲ್ಲಿನ ಮುಕ್ತ ಪರವಾನಗಿಯ ಪ್ರಕಾರ ಯಾರು ಬೇಕಾದರೂ ನಿಮ್ಮ ಹೆಸರು ಹಾಕಿ ಆ ಚಿತ್ರಗಳನ್ನು ವ್ಯಾಪಾರಕ್ಕೂ ಬಳಸಬಹುದು.

ಗೋಡೆಚಿತ್ರಕ್ಕೆ ಚದರಡಿ ಲೆಕ್ಕದಲ್ಲಿ ದರ ಹೇಳಿ, ಪ್ರೈಮರ್ ಮತ್ತು ಅಟ್ಟಣಿಗೆಯ ಖರ್ಚು ಬೇರೆ. ತೇವ ಇರುವ ಗೋಡೆಗೆ ಎಂಥ ಬಣ್ಣವೂ ಪದರು ಏಳುತ್ತದೆ, ಮಳೆಗಾಲದಲ್ಲಿ ಹೊರಗೋಡೆ ಒಪ್ಪಿಕೊಳ್ಳಬೇಡಿ. ಪಾಕೀಟು, ಲೇಬಲ್ಲಿನ ಕೆಲಸದಲ್ಲಿ ದುಡ್ಡಿದೆ, ನಿಮ್ಮ ಹೆಸರಿರುವುದಿಲ್ಲ.

ಓದಿನ ಮಾತು. ಡಿ.ವಿ. ಹಾಲಭಾವಿ ಧಾರವಾಡದಲ್ಲಿ, ಟಿ.ಪಿ. ಅಕ್ಕಿ ಗದಗಿನಲ್ಲಿ, ಎಂ.ವಿ. ಮಿಣಜಿಗಿ ಹುಬ್ಬಳ್ಳಿಯಲ್ಲಿ ಕಲಾಶಾಲೆ ಕಟ್ಟಿದ ನೆಲ ಇದು. ದೃಶ್ಯಕಲೆಯ ಪದವಿಗೆ ದೂರ ಹೋಗಲೇಬೇಕೆಂದಿಲ್ಲ. ಪದವಿಯಿಂದ ಮುಖ್ಯವಾಗಿ ಸಿಗುವುದು ನಾಲ್ಕು ವರ್ಷದ ಮಾನವಾಕೃತಿ ಅಭ್ಯಾಸ, ಮತ್ತು "ಡ್ರಾಯಿಂಗ್ ಮಾಸ್ತರಿಕಿನಾದ್ರೂ ಸಿಗತೈತಿ" ಎಂಬ ಮನೆಯವರ ಸಮಾಧಾನ. ಪ್ರಕಾಶಕರು ಪದವಿ ಕೇಳುವುದಿಲ್ಲ. ಆನಿಮೇಶನ್, ಉತ್ಪನ್ನ ವಿನ್ಯಾಸ ಬೇಕೆನ್ನುವವರು ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅಥವಾ ಐಐಟಿ ಮುಂಬೈ ಕಡೆಯ ಪ್ರವೇಶ ಪರೀಕ್ಷೆಗೆ ಪಿಯುಸಿಯಲ್ಲೇ ತಯಾರಿ ಶುರುಮಾಡಬೇಕು.

ಪ್ರೆಸ್ಸಿಗೆ ಫೈಲ್ ಕೊಡುವಾಗ

ಒಳ್ಳೆಯ ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲಿ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ ಡೆಮಿ 1/8, ಅಂದರೆ ಸುಮಾರು 140 × 216 ಮಿ.ಮೀ. ಮುಖಪುಟವೆಂದರೆ ಮುಂದಿನದು, ಹಿಂದಿನದು, ನಡುವಿನ ಬೆನ್ನು ಮೂರೂ ಸೇರಿ ಒಂದೇ ಫೈಲು. ಬೆನ್ನಿನ ಅಗಲ ಕಾಗದದ ಮೇಲೆ ನಿಂತಿದೆ: 200 ಪುಟವೆಂದರೆ 100 ಹಾಳೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಹಾಳೆಗೆ ಸುಮಾರು 0.09 ಮಿ.ಮೀ. ಹಿಡಿದರೆ 9 ಮಿ.ಮೀ. ಆಗ ಅಗಲ 140 + 9 + 140 = 289, ಕತ್ತರಿಸುವಾಗ ಹೋಗಲೆಂದು ಸುತ್ತಲೂ 3 ಮಿ.ಮೀ. ಸೇರಿಸಿದರೆ 295 × 222 ಮಿ.ಮೀ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 3485 × 2622 ಪಿಕ್ಸೆಲ್. ಬೆನ್ನಿನ ಅಳತೆಯನ್ನು ನೀವೇ ಊಹಿಸಿ ಅಂತಿಮ ಮಾಡಬೇಡಿ. ಪುಟ ಕಟ್ಟಿ ಮುಗಿದ ಮೇಲೆ ಪ್ರೆಸ್ಸಿನವರನ್ನು ಕೇಳಿ. ಕೊನೆಗಳಿಗೆಯಲ್ಲಿ ಮುನ್ನುಡಿಯೊಂದು ಸೇರಿ 16 ಪುಟ ಹೆಚ್ಚಾದರೆ ಬೆನ್ನಿನ ಅಕ್ಷರ ಮುಂಪುಟಕ್ಕೆ ಜಾರುತ್ತದೆ.

ಪರದೆಯ ಬಣ್ಣ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು), ಅಚ್ಚಿನದು ಸಿಎಂವೈಕೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿ). ಎಳೆ ಬಾಳೆಎಲೆಯ ಹೊಳೆಯುವ ಹಸಿರು ಮಂಕಾಗುತ್ತದೆ, ಗಾಢ ನೀಲಿ ನೇರಳೆಯತ್ತ ವಾಲುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇಕೆಂದರೆ ಪರದೆ ನೋಡಿ ಆರಿಸಬೇಡಿ. ಮೆಜೆಂಟಾ 100, ಹಳದಿ 100, ಕಪ್ಪು 20ರಿಂದ ಶುರುಮಾಡಿ ಒಂದು ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಸಿ ನೋಡಿ. ಸಪೂರ ಕಪ್ಪು ರೇಖೆಗಳು ಕಪ್ಪು ಒಂದರಲ್ಲೇ 100 ಇರಲಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಿನಲ್ಲಿ ರೇಖೆ ಎಳೆದರೆ, ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಮೂಗಿಗೆ ಕೆಂಪು ನೆರಳು ಬೀಳುತ್ತದೆ.

ಪತ್ರಿಕೆಯ ಕಾಗದ ಶಾಯಿ ಹೀರಿ ಹರಡಿಸುತ್ತದೆ. ಅಚ್ಚಿನ ಅಳತೆಯಲ್ಲಿ 0.2 ಮಿ.ಮೀ.ಗಿಂತ ಸಣ್ಣ ರೇಖೆ, ಒತ್ತೊತ್ತಾಗಿ ಎಳೆದ ಗೀರು ಎರಡೂ ಬೇಡ. ಗೀರುಗಳು ಕೂಡಿಕೊಂಡು ಮಸಿಯ ಮುದ್ದೆಯಾಗುತ್ತವೆ. ಅಚ್ಚಿನ ಒಂದೂವರೆ ಪಟ್ಟು ದೊಡ್ಡದಾಗಿ ತೆಗೆಯುವುದು ವಾಡಿಕೆ. 8 ಸೆಂ.ಮೀ. ಅಂಕಣಕ್ಕೆ 12 ಸೆಂ.ಮೀ.ನಲ್ಲಿ ತೆಗೆದರೆ 0.3 ಪೆನ್ನಿನ ಗೆರೆ ಕುಗ್ಗಿ 0.2 ಆಗುತ್ತದೆ, ಸರಿಯಾಗಿ ಗಡಿಯಲ್ಲಿ. ಕಾಗದದ ಮೇಲೆ ತೆಗೆದದ್ದನ್ನು ಫೋನಿನಿಂದ ಫೋಟೋ ಹೊಡೆದು ಕಳಿಸಬೇಡಿ, ಅಂಚು ಬಾಗುತ್ತದೆ, ಒಂದು ಮೂಲೆ ಕಪ್ಪಾಗುತ್ತದೆ. ಸ್ಕ್ಯಾನರಿನಲ್ಲಿ ರೇಖಾಚಿತ್ರಕ್ಕೆ 600 ಡಿಪಿಐ. ಶಾಯಿ ನೀರಿಗೆ ಹರಿಯದಂಥದ್ದೇ ಎಂದು ಮೊದಲೇ ನೋಡಿಕೊಳ್ಳಿ: ಗೆರೆ ಎಳೆದು 10 ನಿಮಿಷ ಬಿಟ್ಟು ಒದ್ದೆ ಕುಂಚ ಆಡಿಸಿದರೆ ಸಾಕು.

ಚಿತ್ರದೊಳಗೆ ಅಂಗಡಿ ಬೋರ್ಡು, ಬಸ್ಸಿನ ಫಲಕ ಬಂದರೆ ಕೈಯಲ್ಲೇ ಬರೆಯಿರಿ. ಟೈಪ್ ಮಾಡಿದರೆ ಔಟ್‌ಲೈನ್ ಆಗಿ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ, ಬದಲಾಯಿಸಿ ಕೊಡಿ. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಬಂದರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ತಂತ್ರಾಂಶಕ್ಕೆ ದುಡ್ಡಿಲ್ಲದವರಿಗೆ ಚಿತ್ರಕ್ಕೆ ಕ್ರೀಟಾ, ಪುಟ ಕಟ್ಟಿ ಪಿಡಿಎಫ್ ಮಾಡಲು ಸ್ಕ್ರೈಬಸ್ ಬಿಟ್ಟಿ ಸಿಗುತ್ತವೆ.

ದರ ಮತ್ತು ಕರಾರು

"ಸರ, ಒಂದು ಕವರ್ ಮಾಡಿಕೊಡ್ರಿ, ಸಗಟು ಖರೀದಿ ಬಿಲ್ ಬಂದಮ್ಯಾಲೆ ನೋಡೂಣಂತ." ಪ್ರಕಾಶಕರ ಈ ಮಾತಿಗೆ ಉತ್ತರ ಮೊದಲೇ ತಯಾರಿರಬೇಕು. ಗ್ರಂಥಾಲಯದ ಸಗಟು ಖರೀದಿಯ ದುಡ್ಡು ಬರುವುದು ತಡ, ಅದು ಪ್ರಕಾಶಕರಿಗೂ ಕಷ್ಟವೇ. ಆ ಕಾಯುವಿಕೆಯನ್ನು ನೀವು ಹೊರಬೇಕಿಲ್ಲ.

ದಿನದ ದರ ಹೀಗೆ ಕಟ್ಟಿ. ತಿಂಗಳಿಗೆ ಮನೆಖರ್ಚು 18,000, ಸಾಮಗ್ರಿ ಮತ್ತು ಯಂತ್ರದ ಸವಕಳಿ 2,500, ಫೋನು-ಓಡಾಟ 1,500, ಕಾಯಿಲೆ-ತೆರಿಗೆಗೆ ಎತ್ತಿಡುವುದು 3,000 ಎಂದರೆ 25,000. ತಿಂಗಳ 30 ದಿನವೂ ದುಡಿಮೆ ಇರುವುದಿಲ್ಲ. ದುಡ್ಡು ಬರುವ ಕೆಲಸದ ದಿನ 14 ಸಿಕ್ಕರೆ ಹೆಚ್ಚು. 25,000ವನ್ನು 14ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1,800. ಮುಖಪುಟಕ್ಕೆ ಮೂರು ದಿನ ಹಿಡಿದರೆ 5,400. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕದ ರೀತಿ ಇದೇ. ಎದುರಿನವರು 2,500 ಎಂದರೆ ದರ ಇಳಿಸದೆ ಕೆಲಸ ಇಳಿಸಿ: ಒಂದೇ ನಮೂನೆ, ಎರಡೇ ಬಣ್ಣ, ಮುಂಪುಟ ಮಾತ್ರ. ಅದೂ ಆಗದಿದ್ದರೆ ನಗುತ್ತ ಕೈಮುಗಿಯಿರಿ.

1957ರ ಕೃತಿಸ್ವಾಮ್ಯ ಕಾಯ್ದೆಯ ಒಂದು ಮೂಲೆ ಚಿತ್ರಕಾರರಿಗೆ ಗೊತ್ತಿರಲೇಬೇಕು. ಅದರ 17ನೇ ಕಲಮಿನ ಪ್ರಕಾರ ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು. ಒಪ್ಪಂದ ಇದ್ದರೆ ಒಪ್ಪಂದದಂತೆ. ಬಾಯಿಮಾತಿನ ಕೆಲಸ ಅಪಾಯವೆನ್ನುವುದು ಇದಕ್ಕೇ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 19ನೇ ಕಲಮು ಹಿಡಿಯುತ್ತದೆ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ, ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ತಕರಾರು ತೆಗೆಯುವ ಅಧಿಕಾರ 57ನೇ ಕಲಮಿನಲ್ಲಿ ಉಳಿದಿರುತ್ತದೆ.

ಸಣ್ಣ ಕೆಲಸಕ್ಕೆ ಇಂಥದೊಂದು ಸಂದೇಶ ಕಳಿಸಿ, ಉತ್ತರ ಬಂದ ಮೇಲೆ ಪೆನ್ಸಿಲ್ ಹಿಡಿಯಿರಿ:

"ನಮಸ್ಕಾರ ಸರ್. ಮಾತಾಡಿದಂತೆ ಕಾದಂಬರಿಯ ಮುಖಪುಟ, ಡೆಮಿ 1/8, ಮುಂದೆ-ಬೆನ್ನು-ಹಿಂದೆ. ಮೂರು ಕಚ್ಚಾ ನಮೂನೆ, ಆರಿಸಿದ್ದರಲ್ಲಿ ಎರಡು ಸಲ ತಿದ್ದುಪಡಿ, ಆಮೇಲಿನ ತಿದ್ದುಪಡಿಗೆ ದಿನದ ದರ. ಒಟ್ಟು ರೂ. 5,400. ಅರ್ಧ ಮುಂಗಡ, ಉಳಿದರ್ಧ ಪ್ರೆಸ್ಸಿಗೆ ಫೈಲ್ ಹೋಗುವ ಮೊದಲು. ಈ ಪುಸ್ತಕದ ಕನ್ನಡ ಮುದ್ರಣ ಮತ್ತು ಪ್ರಚಾರಕ್ಕೆ ಬಳಸುವ ಹಕ್ಕು ನಿಮ್ಮದು. ಕೃತಿಸ್ವಾಮ್ಯ, ಮೂಲಚಿತ್ರ ನನ್ನವು. ಒಳಪುಟದಲ್ಲಿ 'ಮುಖಪುಟ ಚಿತ್ರ' ಎಂದು ಹೆಸರು ಹಾಕಬೇಕು. ಒಪ್ಪಿಗೆಯಾದರೆ ತಿಳಿಸಿರಿ."

ಮಕ್ಕಳ ಪುಸ್ತಕದಂಥ ದೊಡ್ಡ ಕೆಲಸಕ್ಕೆ ಸಹಿ ಹಾಕಿದ ಕಾಗದವೇ ಆಗಬೇಕು. ದುಡ್ಡನ್ನು ಡಮ್ಮಿ, ಪೆನ್ಸಿಲ್, ಬಣ್ಣ ಎಂದು ಹಂತಹಂತವಾಗಿ ಹಂಚಿ, ನಡುವೆ ನಿಂತರೂ ಮಾಡಿದಷ್ಟಕ್ಕೆ ಸಿಗುವಂತೆ. ಕೊಟ್ಟವರು ಟಿಡಿಎಸ್ ಎಂದು ತೆರಿಗೆ ಮುರಿದುಕೊಂಡಿದ್ದರೆ ನಿಮ್ಮ ಪ್ಯಾನ್ ಖಾತೆಯಲ್ಲಿ ಕಾಣುತ್ತದೆಯೋ ನೋಡಿ, ರಿಟರ್ನ್ ಸಲ್ಲಿಸಿದರೆ ಹೆಚ್ಚಾಗಿ ಮುರಿದದ್ದು ವಾಪಸ್ ಬರುತ್ತದೆ.

ಪೋರ್ಟ್‌ಫೋಲಿಯೋ ಕಳಿಸುವುದು

12ರಿಂದ 15 ಚಿತ್ರ ಸಾಕು. ಎಲ್ಲ ಬರುತ್ತದೆ ಎಂದು ತೋರಿಸಲು ಜಲವರ್ಣದ ಸೂರ್ಯಾಸ್ತ, ಪೆನ್ಸಿಲಿನ ನಟನ ಮುಖ, ಮಂಡಲ ಎಲ್ಲ ತುಂಬಿದರೆ ಸಂಪಾದಕರಿಗೆ ಯಾರನ್ನು ಕೆಲಸಕ್ಕೆ ಕರೆಯುತ್ತಿದ್ದೇವೆಂದೇ ತಿಳಿಯುವುದಿಲ್ಲ. ಮಕ್ಕಳ ಪುಸ್ತಕಕ್ಕಾದರೆ ಒಂದೇ ಕಥೆಯ ಮೂರು ಜೋಡಿಪುಟ, ಒಂದೇ ಪಾತ್ರದ ಭಂಗಿಗಳ ಒಂದು ಹಾಳೆ, ಗುಂಪಿನ ದೃಶ್ಯವೊಂದು, ಪ್ರಾಣಿ ಒಂದು, ಮನೆಯೊಳಗಿನದೊಂದು ಕಡ್ಡಾಯ. ಮುಖಪುಟಕ್ಕಾದರೆ ಹೆಸರಿನ ಅಕ್ಷರ ಸಮೇತ ನಾಲ್ಕು. ಮುಖಪುಟದ ಕೆಲಸ ಇನ್ನೂ ಸಿಕ್ಕಿಲ್ಲವೆಂದರೆ ಓದಿದ ಕಥೆಗಳಿಗೆ ನೀವೇ ಮಾಡಿ, "ಅಭ್ಯಾಸ" ಎಂದು ಕೆಳಗೆ ಬರೆಯಿರಿ. ಮೊದಲ ಮತ್ತು ಕೊನೆಯ ಜಾಗಕ್ಕೆ ಅತ್ಯುತ್ತಮವಾದವು. ಪಿಡಿಎಫ್ 8 ಎಂಬಿ ಒಳಗಿರಲಿ, ಫೈಲಿನ ಹೆಸರಿನಲ್ಲೇ ನಿಮ್ಮ ಹೆಸರು ಮತ್ತು ಊರು ಇರಲಿ.

ಎಲ್ಲರಿಗೂ ಒಂದೇ ಪತ್ರ ಕಳಿಸಬೇಡಿ. ಆ ಪ್ರಕಾಶಕರ ಎರಡು ಪುಸ್ತಕವನ್ನಾದರೂ ಕೈಯಲ್ಲಿ ಹಿಡಿದು ನೋಡಿ, ನಿಮ್ಮ ಶೈಲಿ ಯಾವ ಬಗೆಯ ಪುಸ್ತಕಕ್ಕೆ ಹೊಂದುತ್ತದೆ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಪತ್ರ ಆರು ಸಾಲು ಮೀರದಿರಲಿ. ಧಾರವಾಡ, ಗದಗಿನವರಾದರೆ ಮೊದಲು ಫೋನ್ ಮಾಡಿ, ಮುದ್ರಿಸಿದ ಹಾಳೆಗಳನ್ನು ತೆಗೆದುಕೊಂಡು ಖುದ್ದು ಹೋಗುವುದು ಇಮೇಲಿಗಿಂತ ಮೇಲು. ಇಲ್ಲಿ ಬಹಳ ಕೆಲಸ ಚಹಾದ ಜೊತೆಗೇ ನಿಕ್ಕಿಯಾಗುತ್ತದೆ. ಹೋದಾಗ ಪ್ರೆಸ್ಸಿನ ಫೋರ್‌ಮನ್‌ನನ್ನೂ ಮಾತಾಡಿಸಿ ಬನ್ನಿ, ಬೆನ್ನಿನ ಅಳತೆಯಿಂದ ಹಿಡಿದು ಯಾರ ಬಳಿ ಯಾವ ಪುಸ್ತಕ ತಯಾರಾಗುತ್ತಿದೆ ಎಂಬುದರವರೆಗೆ ಆತನಿಗೆ ಗೊತ್ತಿರುತ್ತದೆ.

ಕಳಿಸಿದ ದಿನ, ಯಾರಿಗೆ, ಯಾವ ಚಿತ್ರಗಳು ಎಂದು ಒಂದು ವಹಿಯಲ್ಲಿ ಬರೆದಿಡಿ. ಉತ್ತರ ಬಾರದಿದ್ದರೆ ಮೂರು ವಾರ ಬಿಟ್ಟು ಒಂದೇ ಒಂದು ನೆನಪೋಲೆ. ಅದಕ್ಕೂ ಬಾರದಿದ್ದರೆ ಸುಮ್ಮನಿರಿ, ಪೋರ್ಟ್‌ಫೋಲಿಯೋಗೆ ಹೊಸ ಚಿತ್ರ ಮೂರಾದರೂ ಸೇರಿದ ಮೇಲೆ ಅದೇ ವಿಳಾಸಕ್ಕೆ ಮತ್ತೆ ಬರೆಯಿರಿ.